ಸಿಲ್ವರ್ ಕ್ಲೋರೈಡ್ ಮತ್ತು ಸಾಲ್ಟ್ ಪ್ರಿಂಟ್: ಧಾರವಾಡ, ಗದಗ, ಹಾವೇರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಉಪ್ಪು, ಬೆಳ್ಳಿಯ ಲವಣ, ಕಾಗದ, ಬಿಸಿಲು. ಇಷ್ಟರಿಂದ ಒಂದು ಫೋಟೋ, ಅಂದರೆ ಸಾಲ್ಟ್ ಪ್ರಿಂಟ್, ಮೂಡಿಸಬಹುದು ಅಂದಾಗ ಕೇಳುವವರ ಮುಖದಲ್ಲಿ ಬರುವ ಮೊದಲ ಪ್ರಶ್ನೆ "ಹೌದಾ?" ಅನ್ನೋದೇ. ಆಮೇಲೆ ಸಾಲುಸಾಲು ಪ್ರಶ್ನೆಗಳು ಬರುತ್ತವೆ. ಕಾಲೇಜು ಹುಡುಗ ಹುಡುಗಿಯರು ಕೆಮಿಸ್ಟ್ರಿ ಕೇಳುತ್ತಾರೆ. ಫೋಟೋ ಹುಚ್ಚು ಇರುವವರು ಕಾಗದ, ನೆಗೆಟಿವ್ ಬಗ್ಗೆ ಕೇಳುತ್ತಾರೆ. ಹೆಚ್ಚು ಸಲ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಓದುತ್ತಾ ಹೋದಂತೆ ನೀರಿನ ಮಾತು ಮತ್ತೆ ಮತ್ತೆ ಬರುವುದನ್ನು ನೋಡುತ್ತೀರಿ. ಚಿತ್ರ ಮೂಡಿಸಲು ಬಿಸಿಲು ಸಾಕು, ಅದನ್ನು ಉಳಿಸಲು ನೀರೇ ಬೇಕು.

ಸಿಲ್ವರ್ ಕ್ಲೋರೈಡ್ ಅಂದರೆ ಏನು?

ಬೆಳ್ಳಿ ಮತ್ತು ಕ್ಲೋರಿನ್ ಸೇರಿದ ಬಿಳಿ ಪುಡಿ. ತುಂಬ ಭಾರ, ಅದರ ಸಾಂದ್ರತೆ ನೀರಿನ ಐದೂವರೆ ಪಟ್ಟು. ಸುಮಾರು 455 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ದ್ರವವಾಗುತ್ತದೆ. ನೀರಿನಲ್ಲಿ ಮಾತ್ರ ಕರಗುವುದಿಲ್ಲ ಅಂತಲೇ ಹೇಳಬೇಕು: 25 ಡಿಗ್ರಿಯಲ್ಲಿ 1 ಲೀಟರ್ ನೀರಿಗೆ ಸುಮಾರು 2 ಮಿಲಿಗ್ರಾಂ ಅಷ್ಟೇ. ಅಮೋನಿಯಾದಲ್ಲಿ ಕರಗುತ್ತದೆ. ಹೈಪೋದಲ್ಲಿ, ಅಂದರೆ ಸೋಡಿಯಂ ಥಯೋಸಲ್ಫೇಟ್‌ನಲ್ಲಿ, ಚೆನ್ನಾಗಿ ಕರಗುತ್ತದೆ. ಈ ಕೊನೆಯ ಗುಣ ಇಲ್ಲದಿದ್ದರೆ ಫೋಟೋಗ್ರಫಿ ಈ ದಾರಿಯಲ್ಲಿ ಬೆಳೆಯುತ್ತಲೇ ಇರಲಿಲ್ಲ.

ಭೂಮಿಯಲ್ಲಿ ಖನಿಜವಾಗಿಯೂ ಸಿಗುತ್ತದೆ. ಅದರ ಹೆಸರು ಕ್ಲೋರಾರ್ಗೈರೈಟ್.

ಬೆಳಕು ಬಿದ್ದರೆ ಕಪ್ಪಾಗುವುದು ಯಾಕೆ?

ಈ ಹರಳಿನಲ್ಲಿ ಬೆಳ್ಳಿಯ ಅಯಾನು (ವಿದ್ಯುದಂಶ ಹೊತ್ತ ಪರಮಾಣು) ಮತ್ತು ಕ್ಲೋರೈಡ್ ಅಯಾನು ಒಂದರ ಪಕ್ಕ ಒಂದು ಕೂತಿರುತ್ತವೆ. ಬೆಳಕು ಬಿದ್ದಾಗ ಕ್ಲೋರೈಡ್‌ನಿಂದ ಒಂದು ಎಲೆಕ್ಟ್ರಾನ್ ಬಿಡಿಸಿಕೊಂಡು ಹೊರಡುತ್ತದೆ. ಅದು ಬೆಳ್ಳಿಯ ಅಯಾನಿಗೆ ಸಿಕ್ಕರೆ ಆ ಅಯಾನು ಲೋಹದ ಬೆಳ್ಳಿಯ ಪರಮಾಣು ಆಗುತ್ತದೆ. ಇಂಥ ಪರಮಾಣುಗಳು ಒಟ್ಟಾಗಿ ಅತಿ ಸಣ್ಣ ಬೆಳ್ಳಿಯ ಕಣ ಆಗುತ್ತವೆ. ಒಂದೊಂದು ಕಣವೂ ತುಂಬ ಚಿಕ್ಕದು, ಹಾಗಾಗಿ ನಮಗೆ ಬೆಳ್ಳಿಯ ಹೊಳಪು ಕಾಣುವುದಿಲ್ಲ. ಮೊದಲು ನೇರಳೆ, ಆಮೇಲೆ ಬೂದು, ಕಂದು ಬಣ್ಣ ಕಾಣುತ್ತದೆ.

ಎಲ್ಲ ಬೆಳಕೂ ಈ ಕೆಲಸ ಮಾಡುವುದಿಲ್ಲ. ಅತಿನೇರಳೆ ಮತ್ತು ನೇರಳೆ ಬೆಳಕಿಗೆ ಮಾತ್ರ ಇದು ಚೆನ್ನಾಗಿ ಸ್ಪಂದಿಸುತ್ತದೆ. ಹಳದಿ, ಕೆಂಪು ಬೆಳಕಿಗೆ ಹೆಚ್ಚುಕಡಿಮೆ ಕುರುಡು. ಸ್ವೀಡನ್ನಿನ ಕಾರ್ಲ್ ಶೀಲೆ 1777ರಲ್ಲೇ ಬಣ್ಣದ ಬೆಳಕುಗಳನ್ನು ಬೇರೆ ಮಾಡಿ ಇದರ ಮೇಲೆ ಬಿಟ್ಟು, ನೇರಳೆ ಬೆಳಕಿನಲ್ಲಿ ಬೇಗ ಕಪ್ಪಾಗುವುದನ್ನು ತೋರಿಸಿದ. 1801ರಲ್ಲಿ ಜರ್ಮನಿಯ ರಿಟ್ಟರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ನೇರಳೆಯ ಆಚೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿ ಸಿಲ್ವರ್ ಕ್ಲೋರೈಡ್ ಇನ್ನೂ ಬೇಗ ಕಪ್ಪಾಯಿತು. ಅತಿನೇರಳೆ ಕಿರಣ ಸಿಕ್ಕಿದ್ದೇ ಹೀಗೆ! ಒಂದು ಬಿಳಿ ಪುಡಿ ಮನುಷ್ಯನ ಕಣ್ಣಿಗಿಂತ ಮೊದಲು ಅದನ್ನು ಕಂಡಿತು ಅನ್ನೋದು ನನಗೆ ಇವತ್ತಿಗೂ ಬೆರಗು.

ಇದನ್ನು ನಾನು ಎಂದೂ ನೋಡಿಲ್ಲವಲ್ಲ?

ಮತ ಹಾಕಿದ್ದರೆ ನೋಡಿದ್ದೀರಿ. ಮೈಸೂರಿನಲ್ಲಿ ತಯಾರಾಗುವ ಮತದಾನದ ಶಾಯಿಯಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ. ಬೆರಳಿನ ಬೆವರಿನ ಉಪ್ಪಿಗೆ ಸೇರಿ ಅದು ಸಿಲ್ವರ್ ಕ್ಲೋರೈಡ್ ಆಗುತ್ತದೆ, ಬೆಳಕಿಗೆ ಕಪ್ಪಾಗುತ್ತದೆ. ಸೋಪು ಹಾಕಿ ಎಷ್ಟು ತಿಕ್ಕಿದರೂ ಹೋಗದಿರುವುದು ಅದಕ್ಕೇ.

ತಯಾರಿಸುವುದು ಹೇಗೆ?

ಲ್ಯಾಬ್‌ನಲ್ಲಿ ಇದು ತೀರಾ ಸುಲಭ. 1.70 ಗ್ರಾಂ ಸಿಲ್ವರ್ ನೈಟ್ರೇಟನ್ನು ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ. ಇನ್ನೊಂದು ಬೀಕರ್‌ನಲ್ಲಿ 0.6 ಗ್ರಾಂ ಸೋಡಿಯಂ ಕ್ಲೋರೈಡ್ ಕರಗಿಸಿ. ಎರಡನ್ನೂ ನಿಧಾನಕ್ಕೆ ಸೇರಿಸಿ ಕಲಕಿದರೆ ಒಡೆದ ಹಾಲಿನಂತೆ ಬಿಳಿ ಗರಣೆಗಳು ಕೂಡುತ್ತವೆ. ಸೋಸಿ, ತೊಳೆದು, ಕತ್ತಲಲ್ಲಿ ಒಣಗಿಸಿದರೆ ಸುಮಾರು 1.43 ಗ್ರಾಂ ಸಿಲ್ವರ್ ಕ್ಲೋರೈಡ್ ಸಿಗಬೇಕು. ಅದಕ್ಕಿಂತ ಕಡಿಮೆ ಬಂದರೆ ಸೋಸುವಾಗ ಕಳೆದುಕೊಂಡಿದ್ದೀರಿ ಅಂತ ಅರ್ಥ.

ಫೋಟೋಗೆ ಹೀಗೆ ಬೇರೆಯಾಗಿ ಪುಡಿ ಮಾಡಿಕೊಳ್ಳುವುದಿಲ್ಲ. ಪುಡಿಯನ್ನು ಕಾಗದಕ್ಕೆ ಹಚ್ಚಿದರೆ ಅದು ನಿಲ್ಲುವುದೂ ಇಲ್ಲ. ಮೊದಲು ಕಾಗದಕ್ಕೆ ಉಪ್ಪಿನ ನೀರು, ಅದು ಒಣಗಿದ ಮೇಲೆ ಸಿಲ್ವರ್ ನೈಟ್ರೇಟ್. ಸಿಲ್ವರ್ ಕ್ಲೋರೈಡ್ ಕಾಗದದ ಎಳೆಗಳ ಒಳಗೇ ಹುಟ್ಟುತ್ತದೆ.

ಕಾಲೇಜಿನಲ್ಲಿ ಸಿಲ್ವರ್ ಕ್ಲೋರೈಡ್‌ಗೆ ಅಮೋನಿಯಾ ಹಾಕಿ ಪರೀಕ್ಷೆ ಮಾಡುತ್ತೇವೆ. ಅದನ್ನು ಇಟ್ಟುಕೊಳ್ಳಬಹುದಾ?

ಬೇಡ. ಖಂಡಿತ ಬೇಡ. ಬೆಳ್ಳಿಯ ಲವಣ ಮತ್ತು ಅಮೋನಿಯಾ ಸೇರಿದ ದ್ರವ ಹಾಗೇ ಉಳಿದರೆ ಅದರಲ್ಲಿ ಸ್ಫೋಟಿಸುವ ವಸ್ತು ಕೂಡಬಹುದು. ಬರೀ ಅಲುಗಾಡಿಸಿದರೂ ಸಿಡಿಯುವಂಥದ್ದು. ಪರೀಕ್ಷೆ ಮುಗಿದ ಕೂಡಲೇ, ಲ್ಯಾಬಿನ ಮೇಷ್ಟ್ರ ಎದುರಲ್ಲೇ, ದುರ್ಬಲ ಆಮ್ಲ ಹಾಕಿ ಅದನ್ನು ಮುರಿಯಬೇಕು.

ಪರೀಕ್ಷೆಯ ಫಲಿತಾಂಶ ನೆನಪಿಡಿ: ಸಿಲ್ವರ್ ಕ್ಲೋರೈಡ್ ಬಿಳಿ, ದುರ್ಬಲ ಅಮೋನಿಯಾದಲ್ಲೂ ಕರಗುತ್ತದೆ. ಸಿಲ್ವರ್ ಬ್ರೋಮೈಡ್ ತಿಳಿಹಳದಿ, ಗಟ್ಟಿ ಅಮೋನಿಯಾ ಬೇಕು. ಸಿಲ್ವರ್ ಅಯೋಡೈಡ್ ಹಳದಿ, ಅಮೋನಿಯಾಕ್ಕೆ ಬಗ್ಗುವುದಿಲ್ಲ.

ಮನೆಯಲ್ಲಿ ಹಳೇ ಬೆಳ್ಳಿ ಕಾಲುಂಗುರ, ಕಾಲ್ಗೆಜ್ಜೆ ಇವೆ. ಅವುಗಳಿಂದ ಸಿಲ್ವರ್ ನೈಟ್ರೇಟ್ ಮಾಡಬಹುದಲ್ವಾ?

ಕೆಮಿಸ್ಟ್ರಿ ಪ್ರಕಾರ ಹೌದು. ಬೆಳ್ಳಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿದರೆ ಸಿಲ್ವರ್ ನೈಟ್ರೇಟ್ ಬರುತ್ತದೆ. 10 ಗ್ರಾಂ ಶುದ್ಧ ಬೆಳ್ಳಿಯಿಂದ 15.7 ಗ್ರಾಂ. ಆದರೆ ಆಗ ಏಳುವ ಕಂದು ಹೊಗೆ ಶ್ವಾಸಕೋಶಕ್ಕೆ ವಿಷ. ಉಸಿರಲ್ಲಿ ಎಳೆದುಕೊಂಡ ಕೂಡಲೇ ಏನೂ ಅನ್ನಿಸದೆ ಕೆಲವು ಗಂಟೆಗಳ ನಂತರ ಉಸಿರಾಟ ಕೆಡಬಹುದು. ಆ ಹೊಗೆ ಎಳೆದು ಹೊರಗೆ ಹಾಕುವ ವ್ಯವಸ್ಥೆ ಮನೆಯಲ್ಲಿ ಇರುವುದಿಲ್ಲ. ಅಡುಗೆಮನೆಯಲ್ಲಿ, ಹಿತ್ತಲಲ್ಲಿ ಇದನ್ನು ಮಾಡಲೇಬೇಡಿ.

ಇನ್ನೊಂದು ತೊಡಕೂ ಇದೆ. ಆಭರಣದ ಬೆಳ್ಳಿಗೆ ತಾಮ್ರ ಬೆರೆಸಿರುತ್ತಾರೆ. ಕರಗಿದ ದ್ರಾವಣ ನೀಲಿ ಬಣ್ಣಕ್ಕೆ ತಿರುಗಿದರೆ ಅದು ತಾಮ್ರದ ಗುರುತು. ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ ಶುದ್ಧ ಸಿಲ್ವರ್ ನೈಟ್ರೇಟನ್ನೇ ಕೊಳ್ಳಿ. ಬೆಲೆ ಬೆಳ್ಳಿಯ ದರದ ಜೊತೆ ಏರಿಳಿಯುತ್ತದೆ. 5 ಗ್ರಾಂ ತಂದರೂ ಶುರು ಮಾಡಬಹುದು. 12% ದ್ರಾವಣ ಮಾಡಿದರೆ ಸುಮಾರು 42 ಮಿ.ಲೀ. ಆಗುತ್ತದೆ. ಎಂಟು ಇಂಚು ಉದ್ದ ಹತ್ತು ಇಂಚು ಅಗಲದ ಒಂದು ಹಾಳೆಗೆ 2 ಮಿ.ಲೀ. ಸಾಕು. ಇಪ್ಪತ್ತು ಹಾಳೆ ಬಂತಲ್ಲ.

ನಳದ ನೀರು ನಡೆಯುತ್ತದಾ?

ಸಿಲ್ವರ್ ನೈಟ್ರೇಟ್ ಕರಗಿಸಲು ನಡೆಯುವುದಿಲ್ಲ. ನಳದ ನೀರಿನಲ್ಲಿ ಕ್ಲೋರೈಡ್ ಇದ್ದೇ ಇರುತ್ತದೆ. ಒಂದು ಲೋಟ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟು ನೋಡಿ. ಬೆಳ್ಳಗೆ ಮಬ್ಬಾದರೆ, ನಿಮ್ಮ ದುಡ್ಡಿನ ಬೆಳ್ಳಿ ಅಲ್ಲೇ ಸಿಲ್ವರ್ ಕ್ಲೋರೈಡ್ ಆಗಿ ಹೋಯಿತು. ಹುಬ್ಬಳ್ಳಿ-ಧಾರವಾಡದ ಮಲಪ್ರಭಾ ನೀರಿನಲ್ಲಿ ಸ್ವಲ್ಪ ಮಬ್ಬು ಕಾಣುತ್ತದೆ. ಗದಗ ಕಡೆಯ ಸವಳು ಬೋರ್‌ವೆಲ್ ನೀರಾದರೆ ಕೇಳುವುದೇ ಬೇಡ.

ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಗ್ಯಾರೇಜು, ಬ್ಯಾಟರಿ ಅಂಗಡಿಗಳಲ್ಲಿ ಸಿಗುತ್ತದೆ. ಕೊಂಡ ಮೇಲೆ ಅದಕ್ಕೂ ಒಂದು ಹನಿ ಹಾಕಿ ಪರೀಕ್ಷೆ ಮಾಡಿ. ತಿಳಿಯಾಗಿಯೇ ಉಳಿದರೆ ಬಳಸಿ. ತೊಳೆಯಲು ಮಾತ್ರ ನಳದ ನೀರು ಧಾರಾಳವಾಗಿ ಬಳಸಬಹುದು.

ಸಾಲ್ಟ್ ಪ್ರಿಂಟ್ ಮಾಡುವ ಕ್ರಮ ಹೇಳಿ.

ಕಾಗದದಿಂದ ಶುರು ಮಾಡೋಣ. ಪೂರ್ತಿ ಹತ್ತಿಯಿಂದ ಮಾಡಿದ ದಪ್ಪ ಜಲವರ್ಣ ಕಾಗದ ಒಳ್ಳೆಯದು. ನೀರಿನಲ್ಲಿ ಹೆಚ್ಚು ಹೊತ್ತು ನೆನೆದರೂ ಹರಿಯಬಾರದು. ಉಪ್ಪಿನ ದ್ರಾವಣಕ್ಕೆ 1 ಲೀಟರ್ ನೀರಿಗೆ 20 ಗ್ರಾಂ ಉಪ್ಪು. ಪ್ಯಾಕೆಟ್ ಉಪ್ಪಿನಲ್ಲಿ ಗಂಟು ಕಟ್ಟದಂತೆ ಬೇರೆ ಪುಡಿ ಬೆರೆಸಿರುತ್ತಾರೆ, ಆದ್ದರಿಂದ ಲ್ಯಾಬಿನ ಸೋಡಿಯಂ ಕ್ಲೋರೈಡ್ ಮೇಲು. ಚಿತ್ರ ಕಾಗದದ ಮೇಲ್ಭಾಗದಲ್ಲೇ ನಿಲ್ಲಲಿ ಅಂತ ಇದಕ್ಕೆ ಜೆಲಟಿನ್ ಸೇರಿಸುವ ರೂಢಿ ಇದೆ. ಜೆಲಟಿನ್ ಪ್ರಾಣಿಗಳಿಂದ ಬರುವುದರಿಂದ ನಮ್ಮಲ್ಲಿ ಕೆಲವರಿಗೆ ಬೇಡ. ಅವರು ಆರಾರೂಟ್ ಹಿಟ್ಟನ್ನು ತೆಳ್ಳಗೆ ಗಂಜಿ ಕಾಯಿಸಿ ಉಪ್ಪಿನ ನೀರಿಗೆ ಬೆರೆಸಬಹುದು, 100 ಮಿ.ಲೀ.ಗೆ 2 ಗ್ರಾಂ. ಇದು ಹೊಸದೇನಲ್ಲ, ಹತ್ತೊಂಬತ್ತನೇ ಶತಮಾನದಲ್ಲೂ ಮಾಡುತ್ತಿದ್ದರು. ಬಣ್ಣವೂ ಛಲೋ ಬರುತ್ತದೆ.

ಕಾಗದ ಉಪ್ಪಿನ ನೀರಿನಲ್ಲಿ ನೆನೆಸಿ, ಒಣಗಿಸಿ, ಯಾವ ಬದಿ ಅಂತ ಪೆನ್ಸಿಲ್‌ನಿಂದ ಗುರುತು ಮಾಡಿ. ಮುಂದಿನ ಕೆಲಸ ಮಂದ ಹಳದಿ ಬಲ್ಬಿನ ಕೆಳಗೆ. ಪೂರ್ತಿ ಕತ್ತಲು ಬೇಡ, ಕಿಟಕಿಯ ಬಿಸಿಲು ಒಳಗೆ ಬರದಿದ್ದರೆ ಸಾಕು. 100 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 12 ಗ್ರಾಂ ಲೆಕ್ಕದಲ್ಲಿ ಮಾಡಿದ ಸಿಲ್ವರ್ ನೈಟ್ರೇಟನ್ನು ಗಾಜಿನ ಕಡ್ಡಿಯಿಂದಲೋ ಮೆತ್ತನೆ ಬ್ರಶ್‌ನಿಂದಲೋ ಸಮನಾಗಿ ಹಚ್ಚಿ. ಬ್ರಶ್‌ನ ಲೋಹದ ಪಟ್ಟಿಗೆ ದ್ರಾವಣ ತಾಗಬಾರದು, ತಾಗಿದರೆ ಕಪ್ಪು ಚುಕ್ಕೆ ಬೀಳುತ್ತವೆ. ಕತ್ತಲಲ್ಲಿ ಒಣಗಿಸಿ, ಅವತ್ತೇ ಬಳಸಿ. ಇಟ್ಟರೆ ತಾನಾಗಿಯೇ ಕಂದು ತಿರುಗುತ್ತದೆ. ಬೇಸಿಗೆಯಲ್ಲಿ ಇದು ಇನ್ನೂ ಬೇಗ. ದ್ರಾವಣಕ್ಕೆ ಚಿಟಿಕೆ ಸಿಟ್ರಿಕ್ ಆಮ್ಲ ಹಾಕಿದರೆ ತುಸು ತಡೆಯುತ್ತದೆ.

ಲೆಕ್ಕದಲ್ಲಿ ಒಂದು ವಿಷಯ ಗಮನಿಸಿ. ಇರುವ ಉಪ್ಪಿಗೆ ಬೇಕಾದ್ದಕ್ಕಿಂತ ಜಾಸ್ತಿ ಸಿಲ್ವರ್ ನೈಟ್ರೇಟ್ ಹಾಕುತ್ತಿದ್ದೇವೆ. ಇದು ದುಂದು ಅಲ್ಲ. ಬೆಳಕು ಬಿದ್ದಾಗ ಬಿಡುಗಡೆಯಾಗುವ ಕ್ಲೋರಿನ್ನನ್ನು ಹೀರಿಕೊಳ್ಳಲು ಈ ಹೆಚ್ಚುವರಿ ಬೆಳ್ಳಿ ಬೇಕು. ಉಪ್ಪೇ ಜಾಸ್ತಿಯಾದರೆ ಕಾಗದ ಮಂದವಾಗುತ್ತದೆ. ಸಾಲ್ಟ್ ಪ್ರಿಂಟ್ ವಿಧಾನ ರೂಪಿಸಿದ ಇಂಗ್ಲೆಂಡಿನ ಟಾಲ್ಬಟ್ 1830ರ ದಶಕದಲ್ಲಿ ಇದನ್ನು ಗಮನಿಸಿ, ಗಟ್ಟಿ ಉಪ್ಪಿನ ನೀರನ್ನೇ ಚಿತ್ರ ನಿಲ್ಲಿಸಲು ಬಳಸಿದ. ಒಂದೇ ಉಪ್ಪು, ಕಡಿಮೆ ಇದ್ದರೆ ಚಿತ್ರ ತರುತ್ತದೆ, ಜಾಸ್ತಿ ಆದರೆ ತಡೆಯುತ್ತದೆ.

ನೆಗೆಟಿವ್ ಎಲ್ಲಿಂದ ತರುವುದು?

ಮೊಬೈಲ್ ಫೋಟೋವನ್ನೇ ಕಪ್ಪು-ಬಿಳುಪು ಮಾಡಿ, ಬಣ್ಣ ತಿರುವುಮುರುವು ಮಾಡಿ, ಓಎಚ್‌ಪಿ ಹಾಳೆಯ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಮೇಲೆ ಪ್ರಿಂಟ್ ತೆಗೆಸಿ. ಇಂಕ್‌ಜೆಟ್ ಪ್ರಿಂಟ್ ಉತ್ತಮ. ಝೆರಾಕ್ಸ್ ಅಂಗಡಿಯ ಲೇಸರ್ ಪ್ರಿಂಟ್ ತೆಳುವಾಗಿ ಬರುತ್ತದೆ, ಒಂದೇ ಥರದ ಎರಡು ಹಾಳೆ ಜೋಡಿಸಿದರೆ ಕೆಲಸ ಆಗುತ್ತದೆ. ಚಿತ್ರದಷ್ಟೇ ದೊಡ್ಡ ನೆಗೆಟಿವ್ ಬೇಕು, ಯಾಕೆಂದರೆ ಅದನ್ನು ಕಾಗದಕ್ಕೆ ಒತ್ತಿ ಇಟ್ಟೇ ಬಿಸಿಲಿಗೆ ಹಿಡಿಯುತ್ತೇವೆ.

ನೆಗೆಟಿವ್‌ನಲ್ಲಿ ಕಪ್ಪು-ಬಿಳುಪಿನ ಅಂತರ ಜೋರಾಗಿರಲಿ. ಕಪ್ಪಾದ ಬೆಳ್ಳಿ ತನ್ನ ಕೆಳಗಿನ ಸಿಲ್ವರ್ ಕ್ಲೋರೈಡ್‌ಗೆ ತಾನೇ ನೆರಳಾಗುತ್ತದೆ. ಹಾಗಾಗಿ ಕಪ್ಪು ಭಾಗ ನಿಧಾನವಾಗುತ್ತದೆ, ಅಷ್ಟರಲ್ಲಿ ಬಿಳಿ ಭಾಗದ ವಿವರಗಳೂ ಮೂಡುತ್ತವೆ. ಗದಗಿನ ಸರಸ್ವತಿ ಗುಡಿಯ ಕಂಬಗಳು, ಲಕ್ಕುಂಡಿಯ ಕಡೆದ ಕಂಬಗಳು ಈ ವಿಧಾನಕ್ಕೆ ಹೇಳಿ ಮಾಡಿಸಿದಂಥವು: ಒಂದು ಕಡೆ ಗಾಢ ನೆರಳು, ಇನ್ನೊಂದು ಕಡೆ ಕಲ್ಲಿನ ಹೊಳಪು.

ನೆಗೆಟಿವ್ ಇಲ್ಲದಿದ್ದರೆ ಬೇವಿನ ಎಲೆ, ಹುಣಸೆ ಎಲೆ, ಜಾಳಿಗೆಯ ಬಟ್ಟೆ ಇಟ್ಟು ನೋಡಿ. ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಆದರೆ ದ್ರಾವಣ ಹಚ್ಚುವ ಕೆಲಸ ದೊಡ್ಡವರೇ ಮಾಡಿ.

ಎಷ್ಟು ಹೊತ್ತು ಬಿಸಿಲಿಗೆ ಇಡಬೇಕು?

ಗಡಿಯಾರ ನೋಡಬೇಡಿ, ಚಿತ್ರ ನೋಡಿ. ನೇರ ಬಿಸಿಲಿನಲ್ಲಿ ಸಾಮಾನ್ಯವಾಗಿ ಐದರಿಂದ ಇಪ್ಪತ್ತು ನಿಮಿಷ. ಧಾರವಾಡ ಸುಮಾರು ಹದಿನೈದೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ತಿಂಗಳ ಮೊದಲ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಆಗ ಬೇಗ ಆಗುತ್ತದೆ. ಆಗಸ್ಟ್‌ನಲ್ಲೂ ಸೂರ್ಯ ಹೀಗೇ ನೆತ್ತಿಗೆ ಬರುತ್ತಾನೆ, ಆದರೆ ಧಾರವಾಡದ ಜಿಟಿಜಿಟಿ ಮಳೆ ಅದನ್ನು ಕಾಣಗೊಡುವುದಿಲ್ಲ. ಮೋಡದ ಬೆಳಕಿನಲ್ಲೂ ಚಿತ್ರ ಮೂಡುತ್ತದೆ, ತಾಸುಗಟ್ಟಲೆ ಕಾಯಬೇಕು ಅಷ್ಟೇ.

ಕಾಗದ, ನೆಗೆಟಿವ್ ಒತ್ತಿ ಹಿಡಿಯುವ ಫ್ರೇಮಿನ ಹಿಂಬದಿ ಅರ್ಧ ಮಾತ್ರ ತೆರೆಯುವಂತೆ ಮಾಡಿಕೊಳ್ಳಿ. ನೆರಳಿನಲ್ಲಿ ನಿಂತು ಒಂದು ಬದಿ ಎತ್ತಿ ನೋಡಬಹುದು, ಇನ್ನೊಂದು ಬದಿ ಕದಲುವುದಿಲ್ಲ. ಬೇಕಾದ್ದಕ್ಕಿಂತ ಜಾಸ್ತಿ ಕಪ್ಪಾದ ಮೇಲೆ ತೆಗೆಯಿರಿ. ಮುಂದೆ ಚಿತ್ರ ನಿಲ್ಲಿಸಲು ಬಳಸುವ ಹೈಪೋದಲ್ಲಿ ಅದು ತಿಳಿಯಾಗುತ್ತದೆ, ಬಣ್ಣ ಇಟ್ಟಿಗೆಯ ಕಡೆ ತಿರುಗುತ್ತದೆ. ಒಣಗಿದಾಗ ಮತ್ತೆ ಸ್ವಲ್ಪ ಗಾಢವಾಗುತ್ತದೆ.

ಮಳೆಗಾಲದಲ್ಲಿ ಮಾಡಬಹುದಾ?

ಮಾಡಬಹುದು. ಕಾಗದ ತೇವ ಹೀರಿ ನೆಗೆಟಿವ್‌ಗೆ ಅಂಟುತ್ತದೆ, ನಡುವೆ ತೆಳ್ಳನೆ ಪಾರದರ್ಶಕ ಹಾಳೆ ಇಡಿ. ಗದಗದವರಿಗೆ ಈ ಕಷ್ಟ ಕಡಿಮೆ. ಅಲ್ಲಿ ಗಾಳಿ ಮತ್ತು ದೂಳಿನ ಕಾಟ, ಕಾಗದ ಒಣಗಿಸುವಾಗ ಕಿಟಕಿ ಮುಚ್ಚಿ.

ಚಿತ್ರವನ್ನು ಶಾಶ್ವತ ಮಾಡುವುದು ಹೇಗೆ?

ಇದೇ ಕಷ್ಟದ ಭಾಗ, ಮತ್ತು ಜನ ಅವಸರ ಮಾಡುವುದೂ ಇಲ್ಲೇ. 1802ರಲ್ಲಿ ಇಂಗ್ಲೆಂಡಿನ ವೆಜ್‌ವುಡ್ ಮತ್ತು ಡೇವಿ ಬೆಳ್ಳಿಯ ಲವಣಗಳಿಂದ ಚಿತ್ರ ಮೂಡಿಸಿದ ಬಗ್ಗೆ ಬರೆದರು. ಆದರೆ ಅದನ್ನು ನಿಲ್ಲಿಸಲು ಅವರಿಗೆ ಆಗಲಿಲ್ಲ. ನೋಡಲು ಬೆಳಕು ಬೇಕು, ಬೆಳಕಿಗೆ ಹಿಡಿದರೆ ಪೂರ್ತಿ ಕಪ್ಪು. ದಾರಿ ತೋರಿಸಿದ್ದು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್. ಹೈಪೋ ಬೆಳ್ಳಿಯ ಲವಣ ಕರಗಿಸುತ್ತದೆ ಅಂತ ಆತ 1819ರಲ್ಲೇ ಕಂಡುಕೊಂಡಿದ್ದ. 1839ರಲ್ಲಿ ಅದನ್ನು ಫೋಟೋಗೆ ಬಳಸಿದ.

ನಾವು ಮಾಡುವ ಕ್ರಮ ಹೀಗೆ. ಬಿಸಿಲಿನಿಂದ ತಂದ ಪ್ರಿಂಟನ್ನು ಮೊದಲು ಮಂದ ಬೆಳಕಿನಲ್ಲಿ ನೀರಿಗೆ ಹಾಕಿ. ಉಳಿದ ಸಿಲ್ವರ್ ನೈಟ್ರೇಟ್ ನೀರನ್ನು ಹಾಲುಹಾಲಾಗಿಸುತ್ತದೆ. ಮಬ್ಬು ನಿಲ್ಲುವವರೆಗೆ ನೀರು ಬದಲಿಸಿ. ಆಮೇಲೆ 1 ಲೀಟರ್ ನೀರಿಗೆ 100ರಿಂದ 150 ಗ್ರಾಂ ಹೈಪೋ, ಜೊತೆಗೆ 2 ಗ್ರಾಂ ವಾಷಿಂಗ್ ಸೋಡಾ. ಇಂಥ ಎರಡು ತಟ್ಟೆ ಇಟ್ಟುಕೊಂಡು ಒಂದೊಂದರಲ್ಲಿ ನಾಲ್ಕು ನಿಮಿಷ ಇಡಿ. ಎರಡನೆಯದು ಯಾಕೆ ಅಂದರೆ, ಮೊದಲನೆಯದು ಬೆಳ್ಳಿಯಿಂದ ತುಂಬಿದಾಗ ಕೆಲವು ಬೆಳ್ಳಿ ಸಂಯುಕ್ತಗಳು ಕರಗದೆ ಕಾಗದದಲ್ಲೇ ಉಳಿಯುತ್ತವೆ. ಮುಂದೆ ಅವೇ ಹಳದಿ ಕಲೆ.

ನಂತರ 1% ಸೋಡಿಯಂ ಸಲ್ಫೈಟ್ ದ್ರಾವಣದಲ್ಲಿ ಮೂರು ನಿಮಿಷ, ಕೊನೆಗೆ ಸುಮಾರು ಮುಕ್ಕಾಲು ಗಂಟೆ ತೊಳೆಯುವುದು.

ನಮ್ಮ ಓಣಿಗೆ ನೀರು ಬರುವುದೇ ನಾಲ್ಕೈದು ದಿನಕ್ಕೊಮ್ಮೆ. ಮುಕ್ಕಾಲು ಗಂಟೆ ನಳ ಬಿಡುವುದು ಹೇಗೆ?

ನಳ ಬಿಡಬೇಡಿ. ತಟ್ಟೆ ತುಂಬಿ, ಐದು ನಿಮಿಷ ಪ್ರಿಂಟನ್ನು ಆಗಾಗ ಮಗುಚಿ, ನೀರು ಪೂರ್ತಿ ಚೆಲ್ಲಿ, ಮತ್ತೆ ತುಂಬಿ. ಎಂಟು-ಹತ್ತು ಸಲ ಹೀಗೆ ಮಾಡಿದರೆ ಸಾಕು. ಹೈಪೋ ಕಾಗದದಿಂದ ನೀರಿಗೆ ಬರಲು ಸಮಯ ಬೇಕು, ಹರಿಯುವ ನೀರೇ ಆಗಬೇಕೆಂದಿಲ್ಲ. ಸಲ್ಫೈಟ್ ಹಂತ ಬಿಡದಿದ್ದರೆ ನೀರು ಇನ್ನೂ ಉಳಿಯುತ್ತದೆ. ಮಳೆಗಾಲದಲ್ಲಿ ಮಾಳಿಗೆಯ ಮಳೆನೀರು ಹಿಡಿದಿಟ್ಟರೆ ಬಹಳ ಒಳ್ಳೆಯದು, ಅದರಲ್ಲಿ ಲವಣ ತೀರಾ ಕಡಿಮೆ.

ಬಟ್ಟೆಯ ಮೇಲೂ ಬರುತ್ತದಾ?

ಬರುತ್ತದೆ. ಗಂಜಿ ಹಾಕದ, ಬ್ಲೀಚ್ ಮಾಡದ ಹತ್ತಿ ಬಟ್ಟೆ ಬೇಕು. ಕೈಮಗ್ಗದ ಖಾದಿ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದು ಬಳಸಿ. ಎಳೆಗಳ ದಪ್ಪಕ್ಕೆ ತಕ್ಕಂತೆ ವಿವರ ಮಂದವಾಗುತ್ತದೆ. ಇದು ಗೋಡೆಗೆ ಹಾಕಲು, ತೊಡಲು ಅಲ್ಲ.

ಈ ವಿಧಾನಕ್ಕೂ ನಮ್ಮ ಜಿಲ್ಲೆಗಳಿಗೂ ಹಳೆಯ ನಂಟು ಇದೆಯಾ?

ಇದೆ. 1850ರ ದಶಕದಲ್ಲಿ ಮುಂಬೈ ಸರಕಾರದ ಪರವಾಗಿ ಥಾಮಸ್ ಬಿಗ್ಸ್, ಆಮೇಲೆ ಡಾಕ್ಟರ್ ಪಿಗೌ ನಮ್ಮ ಭಾಗದ ಗುಡಿಗಳ ಫೋಟೋ ತೆಗೆದರು. ಗದಗ, ಲಕ್ಕುಂಡಿಯೂ ಅದರಲ್ಲಿವೆ. ಅವರ ಕೈಯಲ್ಲಿದ್ದದ್ದು ಕಾಗದದ ನೆಗೆಟಿವ್, ಅದಕ್ಕೆ ಸಿಲ್ವರ್ ಅಯೋಡೈಡ್. ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಬಗ್ಗೆ 1866ರಲ್ಲಿ ಲಂಡನ್ನಿನಲ್ಲಿ ಬಂದ ಪುಸ್ತಕಕ್ಕೆ ಇವರ ಮತ್ತು ನೀಲ್ ಎಂಬ ಇನ್ನೊಬ್ಬರ ಫೋಟೋಗಳನ್ನು ಬಳಸಿದರು. ಅದರಲ್ಲಿ ಚರಿತ್ರೆಯ ಭಾಗ ಬರೆದವರು ಮೆಡೋಸ್ ಟೇಲರ್. ಅದರ ಪ್ರಿಂಟುಗಳು ಆಲ್ಬುಮೆನ್ ಕಾಗದದವು: ಮೊಟ್ಟೆಯ ಬಿಳಿಯಲ್ಲಿ ಉಪ್ಪು ಬೆರೆಸಿ ಹಚ್ಚಿದ ಕಾಗದ, ಅದರ ಮೇಲೆ ಸಿಲ್ವರ್ ನೈಟ್ರೇಟ್. ಅಂದರೆ ಅಲ್ಲಿಯೂ ಚಿತ್ರ ಮೂಡಿಸಿದ್ದು ಸಿಲ್ವರ್ ಕ್ಲೋರೈಡ್. ಇವತ್ತು ಲಕ್ಕುಂಡಿಯಲ್ಲಿ ನೀವು ತೆಗೆದ ಫೋಟೋವನ್ನು ಉಪ್ಪಿನ ಕಾಗದಕ್ಕೆ ಇಳಿಸಿದರೆ, ಅದೇ ಕಲ್ಲು, ಅದೇ ಲವಣ.

ಮನೆಯಲ್ಲಿರುವ ಅಜ್ಜ-ಅಜ್ಜಿಯ ಕಪ್ಪು-ಬಿಳುಪು ಫೋಟೋ ಇದೇ ಥರದ್ದಾ?

ಹೆಚ್ಚಾಗಿ ಅಲ್ಲ. ಸ್ಟುಡಿಯೋದವರು ಬಳಸಿದ್ದು ಬ್ರೋಮೈಡ್ ಅಥವಾ ಕ್ಲೋರೈಡ್-ಬ್ರೋಮೈಡ್ ಬೆರೆತ ಕಾಗದ. ಅದಕ್ಕೆ ಬೆಳಕು ಒಂದು ಕ್ಷಣ ಸಾಕು, ಕಣ್ಣಿಗೆ ಏನೂ ಕಾಣುವುದಿಲ್ಲ. ಡೆವಲಪರ್ ಎಂಬ ರಾಸಾಯನಿಕ ದ್ರಾವಣ ಆ ಅಡಗಿದ ಚಿತ್ರವನ್ನು ಕೋಟಿ ಪಟ್ಟು ಬೆಳೆಸಿ ತೋರಿಸುತ್ತದೆ. ಸಾಲ್ಟ್ ಪ್ರಿಂಟ್‌ನಲ್ಲಿ ಪೂರ್ತಿ ಕೆಲಸ ಬೆಳಕಿನದೇ. ಬಣ್ಣದ ವ್ಯತ್ಯಾಸವೂ ಇದರಿಂದಲೇ ಬರುತ್ತದೆ. ಬೆಳಕಿನಿಂದಲೇ ಆದ ಕಣ ಸಣ್ಣದು, ಕಂದು ಕಾಣುತ್ತದೆ. ಡೆವಲಪ್ ಆದ ಬೆಳ್ಳಿ ಎಳೆಎಳೆಯಾಗಿ ಬೆಳೆದು ಕಪ್ಪು ಕಾಣುತ್ತದೆ.

ಆ ಫೋಟೋಗಳು ಹಳದಿಯಾಗಿದ್ದರೆ ಅಂಚಿನಲ್ಲಿ ಉಳಿದ ಹೈಪೋ, ಕಳಪೆ ಪ್ಲಾಸ್ಟಿಕ್, ಗೋಡೆಯ ತೇವ ಇವೇ ಕಾರಣ ಇರಬಹುದು. ಒರೆಸಬೇಡಿ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಒಳ್ಳೆಯ ಸ್ಕ್ಯಾನ್ ಮಾಡಿಸಿ, ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ, ಒಣ ಜಾಗದಲ್ಲಿ ಇಡಿ.

ಈಗಿನ ಕಾಲದಲ್ಲಿ ಸಿಲ್ವರ್ ಕ್ಲೋರೈಡ್ ಎಲ್ಲಿದೆ?

ಮದುವೆಯ ಫೋಟೋವನ್ನು ಲ್ಯಾಬಿನಲ್ಲಿ ಕೆಮಿಕಲ್ ಕಲರ್ ಪೇಪರ್ ಮೇಲೆ ಹಾಕಿಸಿದ್ದರೆ, ಆ ಕಾಗದದಲ್ಲಿ ಬಹುಪಾಲು ಸಿಲ್ವರ್ ಕ್ಲೋರೈಡೇ ಇತ್ತು. ಸಂಸ್ಕರಣೆಯಲ್ಲಿ ಬೆಳ್ಳಿಯನ್ನೆಲ್ಲ ತೆಗೆದು ಬಣ್ಣ ಮಾತ್ರ ಉಳಿಸುತ್ತಾರೆ. ಇಸಿಜಿ ತೆಗೆಯುವಾಗ ಎದೆಗೆ ಅಂಟಿಸುವ ಎಲೆಕ್ಟ್ರೋಡಿನಲ್ಲೂ ಬೆಳ್ಳಿ ಮತ್ತು ಸಿಲ್ವರ್ ಕ್ಲೋರೈಡ್ ಇರುತ್ತವೆ. ಬಿಸಿಲಿಗೆ ಕಪ್ಪಾಗಿ ನೆರಳಿಗೆ ತಿಳಿಯಾಗುವ ಗಾಜಿನ ಕನ್ನಡಕದಲ್ಲೂ ಇದೇ. ಅಲ್ಲಿ ಕ್ಲೋರಿನ್ ಗಾಜಿನೊಳಗೆ ಸಿಕ್ಕಿಕೊಂಡಿರುವುದರಿಂದ ಮತ್ತೆ ಬೆಳ್ಳಿಗೆ ಸೇರುತ್ತದೆ. ನಮ್ಮ ಕಾಗದದಲ್ಲಿ ಅದು ತಪ್ಪಿಸಿಕೊಳ್ಳುತ್ತದೆ, ಚಿತ್ರ ಹಿಂದಿರುಗುವುದಿಲ್ಲ. ಪ್ಲಾಸ್ಟಿಕ್ ಗಾಜಿನ ಕನ್ನಡಕಗಳಲ್ಲಿ ಬೇರೆ ರಾಸಾಯನಿಕ ಇರುತ್ತದೆ.

ಸಿಲ್ವರ್ ನೈಟ್ರೇಟ್ ಕೈಗೆ ತಾಗಿದರೆ? ಕಣ್ಣಿಗೆ ಬಿದ್ದರೆ?

ಚರ್ಮ ಕಪ್ಪಾಗುತ್ತದೆ, ಕೆಲವು ದಿನಗಳಲ್ಲಿ ಹೋಗುತ್ತದೆ. ಕೈಗವಸು ಹಾಕಿಕೊಳ್ಳಿ. ಕಣ್ಣಿನ ವಿಷಯ ಹಾಗಲ್ಲ, ಸಿಲ್ವರ್ ನೈಟ್ರೇಟ್ ಕಣ್ಣು ಕಳೆಯಬಲ್ಲದು. ರಕ್ಷಣಾ ಕನ್ನಡಕ ಇಲ್ಲದೆ ಬಾಟಲಿ ಮುಟ್ಟಬೇಡಿ. ಬಿದ್ದರೆ ಕನಿಷ್ಠ ಹದಿನೈದು ನಿಮಿಷ ನೀರು ಹಾಕುತ್ತಲೇ ಇದ್ದು ನೇರ ಆಸ್ಪತ್ರೆಗೆ ಹೋಗಿ.

ಉಳಿದ ದ್ರಾವಣ ಎಲ್ಲಿ ಚೆಲ್ಲುವುದು?

ಗಟಾರಕ್ಕೆ ಬೇಡ. ಗಟಾರದ ನೀರು ಕೊನೆಗೆ ಕೆರೆಗೋ ಹಳ್ಳಕ್ಕೋ ಸೇರುತ್ತದೆ, ಕರಗಿದ ಬೆಳ್ಳಿ ಮೀನಿಗೆ, ನೀರಿನ ಸಣ್ಣ ಜೀವಿಗಳಿಗೆ ವಿಷ. ಉಣಕಲ್ ಕೆರೆಗೂ ಸಾಧನಕೇರಿಗೂ ಈಗಾಗಲೇ ಸೇರುತ್ತಿರುವುದು ಸಾಕು. ಮೊದಲ ತೊಳೆತದ ಹಾಲಿನ ಬಣ್ಣದ ನೀರನ್ನು ಒಂದು ಬಕೆಟ್‌ಗೆ ಹಾಕಿ, ಮೇಲೆ ಒಂದು ಹಿಡಿ ಉಪ್ಪು ಹಾಕಿ. ಎರಡು ದಿನದಲ್ಲಿ ಸಿಲ್ವರ್ ಕ್ಲೋರೈಡ್ ತಳಕ್ಕೆ ಕೂಡುತ್ತದೆ. ಮೇಲಿನ ತಿಳಿನೀರು ಬಸಿದು ಕೆಸರನ್ನು ಡಬ್ಬಿಯಲ್ಲಿ ಇಡಿ. ಬಳಸಿದ ಹೈಪೋವನ್ನು ಬೇರೆ ಬಕೆಟ್‌ನಲ್ಲಿ ಸ್ಟೀಲ್ ವೂಲ್ ಜೊತೆ ಕೆಲವು ದಿನ ಬಿಡಿ. ಕಬ್ಬಿಣ ಕರಗಿ ಬೆಳ್ಳಿ ಕಪ್ಪು ಕೆಸರಾಗಿ ಹೊರಬರುತ್ತದೆ. ಹೈಪೋಗೆ ಆಮ್ಲ ಹಾಕಬೇಡಿ, ಉಸಿರು ಕಟ್ಟಿಸುವ ಗಂಧಕದ ಅನಿಲ ಬರುತ್ತದೆ. ಎರಡೂ ಕೆಸರು ಒಣಗಿಸಿ ಕೂಡಿಟ್ಟರೆ ಬೆಳ್ಳಿ ಶುದ್ಧಿ ಮಾಡುವವರು ತೆಗೆದುಕೊಳ್ಳುತ್ತಾರೆ. ಡಬ್ಬಿಯ ಮೇಲೆ ಒಳಗೇನಿದೆ ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ.